ಕಥೆ ಗೊತ್ತಾಗುತ್ತಲ್ಲ, ಸಾಕು ಬಿಡಿ!

ಮಹಾಲಯ ಅಮಾವಾಸ್ಯೆ ಬಂತೆಂದರೆ ನನ್ನ ತವರು ಕ್ಯಾತನಹಳ್ಳಿಯಲ್ಲಿ ಮನೆಮನೆಯಲ್ಲೂ ಹಿರಿಯರಿಗೆ ಎಡೆ ಇಡುತ್ತಾರೆ. ಗೋಡೆಯ ಮೇಲಿನ ಫೋಟೋಗಳನ್ನು ಇಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಕುಂಕುಮವಿಟ್ಟು, ಮುಂದೆ ಬಾಳೆ ಎಲೆ ಹಾಸುತ್ತಾರೆ. ನಮ್ಮ ಮನೆಯಲ್ಲಿ ಇಳಿಸುವುದಕ್ಕೆ ಫೋಟೋ ಇಲ್ಲ. ಒಂದು ಹೊಸ ಪಂಚೆ, ಒಂದು ಟವಲ್ಲು ಮಡಿಸಿಟ್ಟು ಅದಕ್ಕೇ ಕೈಮುಗಿಯುತ್ತೇವೆ. 1983ರಲ್ಲಿ ತೀರಿಹೋದ ನಮ್ಮಪ್ಪ ತನ್ನ ಜೀವಮಾನದಲ್ಲಿ ಒಂದೇ ಒಂದು ಸಲವೂ ಫೋಟೋ ತೆಗೆಸಿಕೊಂಡವರಲ್ಲ.

ಹಾಗೆಂದು ಅಪ್ಪನ ಮುಖ ಎಲ್ಲೂ ಉಳಿದಿಲ್ಲವೆಂದಲ್ಲ. ಸಿನಿಮಾದಲ್ಲಿದೆ.

ನಗಬೇಡಿ. ನಮ್ಮಪ್ಪ ನಟರೇನಲ್ಲ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಶ್ರೀರಂಗಪಟ್ಟಣದ ಹತ್ತಿರ, ಮಹದೇವಪುರದ ಹೊಳೆಯಲ್ಲಿ ಶೂಟಿಂಗಿಗೆ ಗಾಡಿ ಎತ್ತು ಬೇಕೆಂದು ಯಾರೋ ಊರಿಗೆ ಬಂದಿದ್ದರಂತೆ. ಅಪ್ಪನಿಗೆ ಆಗ ಒಂದು ಜೊತೆ ಹಳ್ಳಿಕಾರ್ ಎತ್ತಿದ್ದವು. ರಾತ್ರಿಯೆಲ್ಲ ಗಾಡಿ ಹೊಡೆದುಕೊಂಡು ಹೋಗಿ ಬೆಳಿಗ್ಗೆ ಹೊಳೆಯ ದಡ ಮುಟ್ಟಿದರು. ಎತ್ತುಗಳು ನಾಯಕನ ಕೈಗೆ ಬಗ್ಗಲಿಲ್ಲ. ಕೊನೆಗೆ ಅಪ್ಪನೇ ಎದೆಮಟ್ಟ ನೀರಿಗಿಳಿದು ಮೂಗುದಾರ ಹಿಡಿದುಕೊಂಡರು. ಮೇಲೆ ಗಾಡಿಯಲ್ಲಿ ನಾಯಕ, ಕೆಳಗೆ ನೀರಿನಲ್ಲಿ ಅಪ್ಪ. ಹತ್ತು ಸೆಕೆಂಡು ಇರಬಹುದು. ಪಾಂಡವಪುರದ ಟೆಂಟಿನಲ್ಲಿ ಆ ಚಿತ್ರ ಬಂದಾಗ ಇಡೀ ಬೀದಿಯೇ ಹೋಗಿ ನೋಡಿತು. ಕಪ್ಪು ಬಿಳುಪಿನ ಚಿತ್ರ. ಅಪ್ಪ ಕ್ಯಾಮೆರಾದ ಕಡೆ ಒಂದು ಕ್ಷಣ ಮುಖ ತಿರುಗಿಸಿದ್ದರು. ಮೀಸೆಯ ಮೇಲೆ ನೀರಿನ ಹನಿ ಕಂಡದ್ದು ನನಗೆ ಇವತ್ತಿಗೂ ನೆನಪಿದೆ. ನೆಲದ ಮೇಲೆ ಕೂತಿದ್ದ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದರು.

ಚಿತ್ರದ ಹೆಸರು ಹೇಳುವುದಿಲ್ಲ. ಹೇಳಿದರೆ ಜಗಳ ಒಬ್ಬರ ಮೇಲೆ ಬೀಳುತ್ತದೆ. ನನ್ನ ಜಗಳ ಒಬ್ಬರ ಮೇಲಲ್ಲ.

ಅಪ್ಪ ಹೋದ ಮೇಲೆ, ಗೌರಿ ಹಬ್ಬಕ್ಕೋ ಮದುವೆಗೋ ವಿಸಿಪಿ ಬಾಡಿಗೆಗೆ ತಂದು ರಾತ್ರಿಯಿಡೀ ಮೂರು ಕ್ಯಾಸೆಟ್ ಹಾಕುತ್ತಿದ್ದ ಕಾಲದಲ್ಲಿ, ಆ ಚಿತ್ರದ ಕ್ಯಾಸೆಟ್ ಸಿಕ್ಕಿತು. ಅಪ್ಪ ಇದ್ದರು. ಆದರೆ ಮಂಜಿನಲ್ಲಿ ನಿಂತವರ ಹಾಗಿದ್ದರು. ಅಪ್ಪ ಎಂದು ನಮಗೆ ಗೊತ್ತಿತ್ತು, ಆದ್ದರಿಂದ ಗೊತ್ತಾಯಿತು. 2002ರ ಸುಮಾರಿನಲ್ಲಿ ವಿಸಿಡಿ ಬಂತು. ಮೈಸೂರಿನಿಂದ ಕೊಂಡು ತಂದೆ. ಅದರಲ್ಲಿ ಅಪ್ಪನ ಮುಖವಿದ್ದ ಜಾಗದಲ್ಲಿ ಬೂದು ಬಣ್ಣದ ಒಂದು ಚೌಕವಿತ್ತು. ನೀರು ಅಲುಗಿದಾಗಲೆಲ್ಲ ಚೌಕವೂ ಅಲುಗುತ್ತಿತ್ತು. ಆ ಚೌಕವನ್ನೇ ನಿಲ್ಲಿಸಿ ಫೋಟೋ ಮಾಡಿಸಿಕೊಡಿ ಎಂದು ಸ್ಟುಡಿಯೋಗೆ ಹೋದೆ. ಸ್ಟುಡಿಯೋದ ಹುಡುಗ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, "ಮೇಡಂ, ಇದ್ರಲ್ಲಿ ಮುಖಾನೇ ಇಲ್ಲ, ದೊಡ್ಡದು ಮಾಡುದ್ರೆ ದೊಡ್ಡ ಚೌಕ ಆಯ್ತದೆ ಅಷ್ಟೆ" ಎಂದ. ಪಾಪ, ಅವನು ಹೇಳಿದ್ದು ಸತ್ಯ.

ಆಮೇಲೆ ಹೊಸದೊಂದು ಪ್ರತಿ ಬಂತು. 'ಡಿಜಿಟಲ್ ತಂತ್ರಜ್ಞಾನದಿಂದ ಶುದ್ಧಗೊಳಿಸಿದ್ದು, ಅಗಲ ಪರದೆ' ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದರು. ನಿಜಕ್ಕೂ ಚೆನ್ನಾಗಿತ್ತು. ನಾಯಕನ ಅಂಗಿಯ ಗುಂಡಿ ಕಾಣುತ್ತಿತ್ತು. ಹೊಳೆಯ ದೃಶ್ಯ ಬಂತು. ಗಾಡಿ ಇದೆ, ಎತ್ತಿನ ಕೊಂಬು ಇವೆ, ಗಾಡಿಯ ಮೇಲೆ ನಾಯಕ ಇದ್ದಾನೆ. ಅಪ್ಪ ಇಲ್ಲ. ಪಕ್ಕದಲ್ಲಿ ಕೂತಿದ್ದ ಅವ್ವ, "ಎಲ್ಲವ್ವಾ, ನಿಮ್ಮಪ್ಪ ಎತ್ತಗೋದ್ರು?" ಎಂದರು.

ಎಲ್ಲಿಗೂ ಹೋಗಿರಲಿಲ್ಲ. ಅಗಲ ಟೀವಿಗೆ ಹೊಂದಿಸಲು ಚಿತ್ರದ ಕೆಳಭಾಗವನ್ನು ಕತ್ತರಿಸಿ ಎಸೆದಿದ್ದರು.

ಇದನ್ನು ನಾನು ಸ್ವಂತ ದುಃಖವೆಂದು ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಹೇಳಿಕೊಂಡ ಕಡೆಯೆಲ್ಲ ನನಗೆ ಸಿಕ್ಕ ಉತ್ತರ ಒಂದೇ. ಅಂಗಡಿಯವನು, ನೆಂಟರು, ನನ್ನ ಸಹೋದ್ಯೋಗಿಗಳು, ಕೊನೆಗೆ ನನ್ನ ಮನೆಯವರು ಕೂಡ ಹೇಳಿದ್ದು: "ಕಥೆ ಗೊತ್ತಾಗುತ್ತಲ್ಲ, ಸಾಕು ಬಿಡಿ!" ಈ 'ಸಾಕು ಬಿಡಿ' ಇದೆಯಲ್ಲ, ಇದರ ವಿರುದ್ಧವೇ ಈ ಬರಹ.

ಮೊದಲು ಈ ಮಾಲು ತಯಾರಾಗುವ ಬಗೆ ತಿಳಿಯೋಣ. ಮೇಷ್ಟರುಗಳಿಗೆ ಇದು ಬೇಗ ಅರ್ಥವಾಗುತ್ತದೆ. ಪ್ರಶ್ನೆಪತ್ರಿಕೆಯ ಜೆರಾಕ್ಸ್ ತೆಗೆಸುತ್ತೇವೆ. ಮೂಲ ಪ್ರತಿ ಕಳೆದುಹೋದರೆ ಜೆರಾಕ್ಸಿನ ಜೆರಾಕ್ಸ್. ಮೂರನೆಯ ವರ್ಷಕ್ಕೆ ಕರ್ನಾಟಕದ ನಕ್ಷೆ ಕಪ್ಪು ಮುದ್ದೆಯಾಗಿ, ತುಂಗಭದ್ರೆ ಯಾವುದು ಕಾವೇರಿ ಯಾವುದು ತಿಳಿಯದೆ ಮಕ್ಕಳು ಪೆನ್ಸಿಲ್ ಕಚ್ಚುತ್ತಾ ಕೂರುತ್ತಾರೆ. ಸಿನಿಮಾ ಕೂಡ ಹಾಗೆಯೇ. ಕ್ಯಾಮೆರಾದೊಳಗೆ ಓಡಿದ ನೆಗೆಟಿವ್ ಮೂಲ. ಅದರಿಂದ ಚಿತ್ರಮಂದಿರದ ಪ್ರಿಂಟು. ಊರೂರು ಸುತ್ತಿ ಗೀರು ಬಿದ್ದ ಪ್ರಿಂಟಿನಿಂದ ವಿಡಿಯೋ ಟೇಪು. ಆ ಟೇಪಿನಿಂದ ಇನ್ನೊಂದು ಟೇಪು. ಅದರಿಂದ ವಿಸಿಡಿ. ವಿಸಿಡಿಯಿಂದಲೇ ಟೀವಿಗೆ, ಮೊಬೈಲಿಗೆ. ಪ್ರತಿಯೊಂದು ಮೆಟ್ಟಿಲಿನಲ್ಲೂ ಮಜ್ಜಿಗೆಗೆ ಇನ್ನೊಂದು ಚೊಂಬು ನೀರು.

ಲೆಕ್ಕವನ್ನೂ ಕೇಳಿ. ನಮ್ಮ ದೇಶದಲ್ಲಿ ಮಾರಿದ ವಿಸಿಡಿಯಲ್ಲಿ ಒಂದು ಚಿತ್ರಕ್ಕೆ ಅಡ್ಡ 352, ಉದ್ದ 288 ಚುಕ್ಕೆಗಳು. ಗುಣಿಸಿದರೆ ಒಂದು ಲಕ್ಷದ ಮೇಲೆ ಸ್ವಲ್ಪ. ಡಿವಿಡಿಯಲ್ಲಿ ಅಡ್ಡ 720, ಉದ್ದ 576, ಅಂದರೆ ಅದರ ನಾಲ್ಕರಷ್ಟು. ಬ್ಲೂ ರೇ ತಟ್ಟೆಯಲ್ಲಿ 1920ಕ್ಕೆ 1080, ಅಂದರೆ ಇಪ್ಪತ್ತು ಲಕ್ಷ ದಾಟುತ್ತದೆ. ಈಗ ಹಳೆಯ ನೆಗೆಟಿವ್‌ಗಳನ್ನು 'ನಾಲ್ಕು ಕೆ' ಎಂಬ ಅಳತೆಯಲ್ಲಿ ಪ್ರತಿ ಮಾಡುತ್ತಾರೆ. ಅಡ್ಡ ನಾಲ್ಕು ಸಾವಿರ ಚುಕ್ಕೆಗೂ ಹೆಚ್ಚು. ಚುಕ್ಕೆ ಕಡಿಮೆಯಾದಷ್ಟೂ ಮೊದಲು ಹೋಗುವುದು ಸಣ್ಣ ಮುಖಗಳು. ನಾಯಕನ ಮುಖ ಪರದೆಯ ತುಂಬ ಇರುತ್ತದೆ, ಹೇಗೋ ಬದುಕಿಕೊಳ್ಳುತ್ತದೆ. ಹಿಂದೆ ನಿಂತ ಜನ, ಗಾಡಿ ಹೊಡೆಯುವವನು, ನೀರು ಸೇದುವವಳು ಚೌಕವಾಗುತ್ತಾರೆ. ಬಡವರ ಪಾಲಿಗೆ ಬರುವುದು ಇಲ್ಲೂ ಅಷ್ಟೇ.

ವಿಸಿಡಿಯನ್ನಾದರೂ ಕ್ಷಮಿಸಬಹುದು. ಹಾಡಿನ ತಟ್ಟೆಯಷ್ಟೇ ಜಾಗದಲ್ಲಿ ಒಂದೂಕಾಲು ಗಂಟೆ ಚಿತ್ರ ತುರುಕಬೇಕಿತ್ತು, ಅದರ ಶಕ್ತಿಯೇ ಅಷ್ಟು. ಆದರೆ ಡಿವಿಡಿ ಬಂದಾಗ ನಮ್ಮವರು ಮಾಡಿದ್ದೇನು? 'ಒಂದರಲ್ಲಿ ಮೂರು ಚಿತ್ರ' ಎಂದು ಮಾರಿದರು. ಸಾಧಾರಣ ಡಿವಿಡಿಯಲ್ಲಿ 4.7 ಗಿಗಾಬೈಟ್ ಜಾಗ. ಎರಡೂವರೆ ಗಂಟೆಯ ಮೂರು ಚಿತ್ರ ತುಂಬಿದರೆ ಒಂದೊಂದಕ್ಕೆ ಒಂದೂವರೆ ಗಿಗಾಬೈಟ್ ಚಿಲ್ಲರೆ. ಎರಡೂವರೆ ಗಂಟೆಯ ಚಿತ್ರಕ್ಕೆ ಎರಡು ವಿಸಿಡಿ ತಟ್ಟೆಯಲ್ಲಿ ಸಿಗುತ್ತಿದ್ದ ಜಾಗವೂ ಹೆಚ್ಚುಕಡಿಮೆ ಅಷ್ಟೇ! ಹೆಸರು ಡಿವಿಡಿ, ಅಳತೆ ವಿಸಿಡಿ. ಸೇರು ದೊಡ್ಡದು ಮಾಡಿ ತಳಕ್ಕೆ ಕಲ್ಲು ಹಾಕಿದ ಹಾಗೆ. ಇದನ್ನು ಕಂಡು ನಾವು "ಮೂರು ಸಿನಿಮಾ ಬಂತಲ್ಲ" ಎಂದು ಹಿಗ್ಗಿ ಮನೆಗೆ ಬಂದೆವು.

ಇನ್ನು ಕತ್ತರಿಯ ವಿಷಯ. ಹಳೆಯ ಚಿತ್ರಗಳು ಹೆಚ್ಚುಕಡಿಮೆ ಹಳೆಯ ಟೀವಿಯ ಆಕಾರದವು. ಅವನ್ನು ಇಂದಿನ ಅಗಲ ಟೀವಿಗೆ ತುಂಬಿಸಬೇಕಾದರೆ ಎರಡೇ ದಾರಿ. ಎಳೆದು ಅಗಲ ಮಾಡುವುದು. ಆಗ ಕಲ್ಪನಾ ಕೂಡ ದಪ್ಪಗಾಗುತ್ತಾರೆ. ಅಥವಾ ಮೇಲೆ ಕೆಳಗೆ ಕತ್ತರಿಸುವುದು. ಆಗ ಚಿತ್ರದ ಹತ್ತಿರ ಹತ್ತಿರ ಕಾಲು ಭಾಗ ಹೋಗುತ್ತದೆ. ನಾಯಕನ ತಲೆ ಉಳಿಯಬೇಕಲ್ಲ, ಅದಕ್ಕೆ ಕತ್ತರಿ ಕೆಳಗಿನವರ ಮೇಲೇ ಹೆಚ್ಚು ಬೀಳುತ್ತದೆ. ಮೊದಲು ಇದರ ಉಲ್ಟಾ ನಡೆಯಿತು. 'ಸೊಸೆ ತಂದ ಸೌಭಾಗ್ಯ' (1977) ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ. ಆ ಬಗೆಯ ಅಗಲ ಚಿತ್ರವನ್ನು ಹಳೆಯ ಟೀವಿಯ ತುಂಬ ಕಾಣುವಂತೆ ಮಾಡಿದರೆ ಐದರಲ್ಲಿ ಎರಡು ಪಾಲು ಅಕ್ಕಪಕ್ಕದಲ್ಲಿ ಮಾಯ. ಇಬ್ಬರು ಮಾತಾಡುವ ದೃಶ್ಯದಲ್ಲಿ ಒಬ್ಬರ ಮೂಗು, ಇನ್ನೊಬ್ಬರ ಕಿವಿ. ಮೇಲೂ ಕೆಳಗೂ ಕಪ್ಪು ಪಟ್ಟಿ ಬಿಟ್ಟು ಪೂರ್ತಿ ಚಿತ್ರ ತೋರಿಸಬಹುದಿತ್ತು. ಆದರೆ "ಟೀವಿ ಪೂರ್ತಿ ತುಂಬಲ್ಲ" ಎಂದು ಗಿರಾಕಿಗಳೇ ತಕರಾರು ಮಾಡುತ್ತಾರಂತೆ. ಹೌದು, ನಾವೂ ತಪ್ಪಿತಸ್ಥರೇ.

ಬಣ್ಣದ ಚಿತ್ರಗಳ ಪಾಡು ಬೇರೆ. ಆ ಕಾಲದ ಈಸ್ಟ್‌ಮನ್ ಕಲರ್ ಪ್ರಿಂಟುಗಳಲ್ಲಿ ನೀಲಿ ಹಸಿರಿನ ಅಂಶ ಬೇಗ ಮಾಸಿ, ಚಿತ್ರವೆಲ್ಲ ಕೆಂಪಗೆ ತಿರುಗುತ್ತದೆ. ಅಂಥ ಮಾಸಿದ ಪ್ರಿಂಟನ್ನೇ ಟೇಪಿಗೆ ಇಳಿಸಿದರೆ ಹಸಿರು ಗದ್ದೆ ಇಟ್ಟಿಗೆ ಗೂಡಿನಂತೆ ಕಾಣುತ್ತದೆ. 'ಬಂಗಾರದ ಮನುಷ್ಯ' (1972) ನೋಡಿ ಎಷ್ಟೋ ಹುಡುಗರು ಬೇಸಾಯಕ್ಕೆ ಮರಳಿದರೆಂದು ನಮ್ಮ ಸೀಮೆಯಲ್ಲಿ ಹೇಳುತ್ತಾರೆ. ಅವರು ನೋಡಿದ ಹಸಿರನ್ನು ಇಂದಿನ ಹುಡುಗ ಮಾಸಿದ ಪ್ರತಿಯಲ್ಲಿ ಕಾಣುವುದು ಹೇಗೆ?

ಇಲ್ಲಿ ನನ್ನ ತರಗತಿಯ ಮಾತು ಹೇಳಬೇಕು. ತ್ರಿವೇಣಿಯವರ ಕಾದಂಬರಿಯ ಬಗ್ಗೆ ಪಾಠ ಮಾಡಿದ ಹುಮ್ಮಸ್ಸಿನಲ್ಲಿ ಒಂದು ಶನಿವಾರ ಪುಟ್ಟಣ್ಣ ಕಣಗಾಲರ 'ಬೆಳ್ಳಿಮೋಡ' (1967) ವಿಸಿಡಿ ಹಾಕಿ ಒಂಬತ್ತನೇ ತರಗತಿಯವರಿಗೆ ತೋರಿಸಿದೆ. ಹೆಸರೇ ಬೆಳ್ಳಿಮೋಡ. ನನ್ನ ತಟ್ಟೆಯಲ್ಲಿ ಮೋಡ ಯಾವುದು, ಬೆಟ್ಟ ಯಾವುದು, ಮಂಜು ಯಾವುದು ಒಂದೂ ತಿಳಿಯಲಿಲ್ಲ. ಎಲ್ಲವೂ ಒಂದೇ ಬಿಳಿ ಸುಣ್ಣ. ಅರ್ಧ ಗಂಟೆಗೆ ಹುಡುಗರು ಗುಸುಗುಸು ಶುರು ಮಾಡಿದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಮುಗ್ಧವಾಗಿ ಕೇಳಿದಳು: "ಮಿಸ್, ಆವಾಗಿನೋರ್ಗೆ ಸರ್ಯಾಗಿ ಫೋಟೋ ತೆಗ್ಯಕ್ ಬರ್ತಿರ್ಲಿಲ್ವಾ?"

ಆ ಪ್ರಶ್ನೆ ನನ್ನನ್ನು ಚುಚ್ಚಿದಷ್ಟು ಯಾವ ಇನ್‌ಸ್ಪೆಕ್ಟರರ ಟೀಕೆಯೂ ಚುಚ್ಚಿಲ್ಲ. ಕಪ್ಪು ಬಿಳುಪಿನಲ್ಲೇ ಬೆಳಕು ನೆರಳುಗಳನ್ನು ತೂಗಿ ತೂಗಿ ಹಿಡಿದ ಜನ ಅವರು. ಅವರ ಮುಂದಿನ ತಲೆಮಾರಿಗೆ ನಾವು ಕೊಟ್ಟಿರುವ ಸಾಕ್ಷಿ ಎಂಥದು? ತಪ್ಪು ಮಾಡಿದ್ದು ತಟ್ಟೆ ಮಾಡಿದವನು, ಹೆಸರು ಕೆಟ್ಟದ್ದು ಕ್ಯಾಮೆರಾ ಹಿಡಿದವನದು. ಇದು ಬರೀ ಮಸುಕು ಚಿತ್ರದ ಪ್ರಶ್ನೆಯಲ್ಲ. ಹಳೆಯದೆಲ್ಲ ಮಸುಕೇ, ನಮ್ಮ ಹಿಂದಿನವರು ದಡ್ಡರೇ ಎಂಬ ಸುಳ್ಳು ಪಾಠ ಮಕ್ಕಳ ತಲೆಗೆ ಇಳಿಯುತ್ತಿದೆ. ಒತ್ತಕ್ಷರಗಳೆಲ್ಲ ಅಳಿಸಿಹೋದ ಪಠ್ಯಪುಸ್ತಕ ಅಚ್ಚು ಹಾಕಿ, "ಅರ್ಥ ಗೊತ್ತಾಗುತ್ತಲ್ಲ, ಸಾಕು ಬಿಡಿ" ಎಂದರೆ ಯಾವ ಕನ್ನಡ ಮೇಷ್ಟರು ಒಪ್ಪುತ್ತಾರೆ?

ನನ್ನ ಮೇಲೆ ಬರುವ ಆಕ್ಷೇಪಣೆಗಳು ನನಗೆ ಗೊತ್ತು. ಮೊದಲನೆಯದು: "ನಲವತ್ತು ರೂಪಾಯಿ ವಿಸಿಡಿಯಿಂದಲೇ ಅಲ್ಲವೇ ಮೇಡಂ ಹಳ್ಳಿ ಜನ ರಾಜಕುಮಾರ್ ಚಿತ್ರ ನೋಡಿದ್ದು?" ನಿಜ. ಆ ಅಗ್ಗದ ತಟ್ಟೆಗಳಿಗೆ ನಾನೂ ಋಣಿ. ನಮ್ಮ ಅವ್ವನಂಥವರು ಬೀದಿಯ ಹೆಂಗಸರನ್ನೆಲ್ಲ ಕೂರಿಸಿಕೊಂಡು 'ಗೆಜ್ಜೆ ಪೂಜೆ' ನೋಡಿ ಕಣ್ಣೊರೆಸಿಕೊಂಡದ್ದು ಅದರಿಂದಲೇ. ಆದರೆ ಅಗ್ಗವೆಂದ ಮಾತ್ರಕ್ಕೆ ರೇಷನ್ ಅಕ್ಕಿಯಲ್ಲಿ ಕಲ್ಲಿರಬೇಕೆ? ಒಂದು ತಟ್ಟೆಗೆ ಒಂದೇ ಚಿತ್ರ ಹಾಕಿದ್ದರೆ, ಒಳ್ಳೆಯ ಪ್ರಿಂಟು ಹುಡುಕಿದ್ದರೆ ಬೆಲೆ ಹತ್ತು ರೂಪಾಯಿ ಹೆಚ್ಚಾಗುತ್ತಿತ್ತೇನೋ. ಆ ಹತ್ತು ರೂಪಾಯಿ ಕೊಡುತ್ತೀರಾ ಎಂದು ನಮ್ಮನ್ನು ಯಾರಾದರೂ ಒಂದು ದಿನ ಕೇಳಿದರೇ?

ಎರಡನೆಯದು: "ಮೂಲವೇ ಹಾಳಾಗಿರುತ್ತದೆ, ಏನು ಮಾಡೋಣ?" ಹಾಳಾಗಿರುವುದೂ ಉಂಟು. ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನ' (1934) ಒಂದು ಪ್ರತಿಯೂ ಉಳಿಯದೆ ಹೋಯಿತು. ಆದರೆ ಮನಸ್ಸಿದ್ದರೆ ಏನಾಗುತ್ತದೆಂಬುದಕ್ಕೂ ಸಾಕ್ಷಿಯಿದೆ. ಸತ್ಯಜಿತ್ ರಾಯ್ ಅವರ ಅಪು ಚಿತ್ರಗಳ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಬೆಂಕಿಯಲ್ಲಿ ಸುಟ್ಟವು. ಸುಟ್ಟು ಉಳಿದ ಸುರುಳಿಗಳನ್ನೇ ಸರಿಪಡಿಸಿ, ಉಳಿದದ್ದನ್ನು ಒಳ್ಳೆಯ ಪ್ರತಿಗಳಿಂದ ತುಂಬಿ 2015ರಲ್ಲಿ ಮತ್ತೆ ತೆರೆಗೆ ತಂದರು. ಅದು ಹೊರಗಿನವರ ಮಾತಾಯಿತು ಎನ್ನುತ್ತೀರಾ? ನಮ್ಮದೇ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ನೋಡಿ. ಅದರ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿನವರು ಹೊರದೇಶದ ಸಂಸ್ಥೆಗಳ ಜೊತೆ ಸೇರಿ ನಾಲ್ಕು ಕೆ ಅಳತೆಯಲ್ಲಿ ಅದನ್ನು ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅದರ ಒಂದು ತುಣುಕನ್ನು ಮಗ ನನಗೆ ತೋರಿಸಿದ. ಎಸ್. ರಾಮಚಂದ್ರ ಅವರ ಕ್ಯಾಮೆರಾ ಹಿಡಿದ ಆ ಮಠದ ಕತ್ತಲೆ, ಆ ಹುಡುಗನ ಕಣ್ಣು ಎಲ್ಲ ಅಲ್ಲೇ ಇತ್ತು. ಐವತ್ತು ವರ್ಷದ ಹತ್ತಿರ ಪೆಟ್ಟಿಗೆಯಲ್ಲಿತ್ತು, ಅಷ್ಟೆ. ಒಂದು ಚಿತ್ರಕ್ಕೆ ಆದದ್ದು ಇನ್ನೊಂದಕ್ಕೆ ಏಕಾಗದು?

ಮೂರನೆಯದು: "ಬಣ್ಣ ಹಚ್ಚುತ್ತಿದ್ದೇವಲ್ಲ!" ಹಚ್ಚಿದ್ದಾರೆ. 'ಸತ್ಯ ಹರಿಶ್ಚಂದ್ರ' (1965) 2008ರಲ್ಲಿ, 'ಕಸ್ತೂರಿ ನಿವಾಸ' (1971) 2014ರಲ್ಲಿ ಬಣ್ಣ ಬಳಿದುಕೊಂಡು ಮತ್ತೆ ಬಂದವು. ಜನ ನೋಡಿದರು, ನಾನೂ ನೋಡಿದೆ, ಬಯ್ಯುವುದಿಲ್ಲ. ಹಳೆಯ ಚಿತ್ರಕ್ಕೆ ದುಡ್ಡು ಹಾಕುವವರು ಇದ್ದಾರೆಂದು ಅದರಿಂದ ತಿಳಿಯಿತು. ನನ್ನ ಕೋರಿಕೆ ಇಷ್ಟೇ: ಬಣ್ಣ ಹಚ್ಚುವ ಮೊದಲು ಗೀರು, ಧೂಳು ತೆಗೆದು ಚಿತ್ರವನ್ನು ತೊಳೆಯಲೇಬೇಕು. ಹಾಗೆ ತೊಳೆದ ಕಪ್ಪು ಬಿಳುಪಿನ ಪ್ರತಿಯನ್ನೂ ಪ್ರತಿ ಸಲ ಪಕ್ಕದಲ್ಲಿಟ್ಟು ಕೊಡಲಿ. ಅಜ್ಜಿಗೆ ಹೊಸ ಸೀರೆ ಉಡಿಸುವುದು ಬೇಡವೆಂದು ಯಾರೂ ಹೇಳುವುದಿಲ್ಲ. ಹಳೆಯ ಸೀರೆಯನ್ನು ಸುಟ್ಟುಹಾಕಬೇಡಿ ಎನ್ನುತ್ತೇನೆ.

"ಈಗ ತಟ್ಟೆಗಳ ಕಾಲವೇ ಮುಗಿಯಿತಲ್ಲ" ಎನ್ನುವವರೂ ಇದ್ದಾರೆ. ಮುಗಿಯಿತು. ಕ್ಯಾಸೆಟ್ ಹಾಕುವ ಯಂತ್ರವನ್ನು ಕೊನೆಯವರೆಗೆ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ ಕೂಡ 2016ರಲ್ಲಿ ನಿಲ್ಲಿಸಿತು. ಆದರೆ ತಟ್ಟೆ ಹೋಯಿತೇ ಹೊರತು ತಟ್ಟೆಯ ಪಾಪ ಹೋಗಲಿಲ್ಲ. ಇಂದು ಮೊಬೈಲಿನಲ್ಲಿ ಹಳೆಯ ಕನ್ನಡ ಚಿತ್ರ ಹುಡುಕಿ ನೋಡಿ. ಎಷ್ಟೋ ಚಿತ್ರಗಳದ್ದು ಅದೇ ಚೌಕ, ಅದೇ ಮಂಜು, ಮೂಲೆಯಲ್ಲಿ ಕಂಪನಿಯ ಮುದ್ರೆ. ವಿಸಿಡಿಯನ್ನೇ ಹಿಗ್ಗಿಸಿ 'ಹೈ ಡೆಫಿನಿಷನ್' ಎಂದು ಹಣೆಪಟ್ಟಿ ಕಟ್ಟಿರುತ್ತಾರೆ. ಹಿಗ್ಗಿಸಿದರೆ ಚೌಕ ದೊಡ್ಡದಾಗುತ್ತದೆ ಎಂದು ಸ್ಟುಡಿಯೋದ ಹುಡುಗನಿಗೆ ಗೊತ್ತಿದ್ದದ್ದು ಇವರಿಗೆ ಗೊತ್ತಿಲ್ಲವೇ? ಅತ್ತ ನೆಗೆಟಿವ್ ಕೊಳೆಯುತ್ತಿದೆ, ಇತ್ತ ಚೌಕವೇ ಮೂಲವಾಗುತ್ತಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆ ನಮಗೆ ಬೇಡ.

ಕ್ಯಾತನಹಳ್ಳಿ ರೈತ ಚಳವಳಿಯ ಊರು. ಕೆ. ಎಸ್. ಪುಟ್ಟಣ್ಣಯ್ಯನವರು (1949–2018) ಹುಟ್ಟಿದ ಊರು. ಕಬ್ಬಿನ ತೂಕದಲ್ಲಿ ವ್ಯತ್ಯಾಸ ಬಂದರೆ ಹಸಿರು ಟವಲ್ಲು ಹೆಗಲಿಗೆ ಹಾಕಿ ಎದ್ದು ನಿಂತು ಕೇಳುವ ಜನ ನಾವು. ಗೊಬ್ಬರದ ಚೀಲದ ಮೇಲೆ ಸಾರಜನಕ ಎಷ್ಟು, ರಂಜಕ ಎಷ್ಟು, ಪೊಟ್ಯಾಷ್ ಎಷ್ಟು ಎಂದು ಅಚ್ಚಾಗಿರಬೇಕು; ಇಲ್ಲದಿದ್ದರೆ ಕೊಳ್ಳುವುದಿಲ್ಲ. ಅದೇ ನ್ಯಾಯ ಸಿನಿಮಾಕ್ಕೂ ಬರಲಿ. ಈ ಪ್ರತಿ ನೆಗೆಟಿವ್‌ನಿಂದ ಬಂದದ್ದೋ, ಪ್ರಿಂಟಿನಿಂದಲೋ, ಹಳೆಯ ಟೇಪಿನಿಂದಲೋ. ಚಿತ್ರದ ಮೂಲ ಆಕಾರ ಹೀಗೇ ಇತ್ತೋ ಕತ್ತರಿಸಿದ್ದೋ. ಮೂಲ ಎಷ್ಟು ನಿಮಿಷ, ಇದು ಎಷ್ಟು ನಿಮಿಷ. ನಾಲ್ಕು ಸಾಲು ಬರೆಯಲಿ. ಟೇಪಿನಿಂದ ಬಂದದ್ದಾದರೆ 'ಟೇಪಿನದು' ಎಂದು ಬರೆದೇ ಮಾರಲಿ, ಕೊಂಡುಕೊಳ್ಳುತ್ತೇನೆ. ಸುಳ್ಳು ಹಣೆಪಟ್ಟಿ ಬೇಡ. ಸರ್ಕಾರ ಜನರ ದುಡ್ಡಿನಿಂದ ಸಹಾಯಧನ ಕೊಟ್ಟ ಪ್ರತಿಯೊಂದು ಚಿತ್ರದ ಕತ್ತರಿಸದ ಒಳ್ಳೆಯ ಪ್ರತಿಯೂ ಜನರ ಹೆಸರಿನಲ್ಲಿ ಒಂದು ಕಡೆ ಉಳಿಯಲಿ. ಮತ್ತೆ ನಾವು ನೋಡುವವರು, ಅಕ್ಕಪಕ್ಕದಲ್ಲಿ ಕಪ್ಪು ಪಟ್ಟಿ ಕಂಡರೆ ಗೊಣಗುವುದನ್ನು ಬಿಡೋಣ. ಆ ಪಟ್ಟಿ ಇದ್ದರೆ ಒಳಗಿನ ಚಿತ್ರ ಪೂರ್ತಿ ಇದೆ ಎಂದು ಅರ್ಥ.

ಅವ್ವನಿಗೀಗ ಎಂಬತ್ತು ದಾಟಿದೆ. ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಈಗ ಚೆನ್ನಾಗಿ ಕಾಣುತ್ತದೆ. ಆ ಹಳೆಯ ಕ್ಯಾಸೆಟ್ ನನ್ನ ಬೀರುವಿನಲ್ಲಿದೆ. ಸುರುಳಿಗೆ ಬೂಷ್ಟು ಹತ್ತಿದೆ, ಹಾಕಿ ನೋಡಲು ಯಂತ್ರವಿಲ್ಲ. ಆ ಚಿತ್ರದ ನೆಗೆಟಿವ್ ಎಲ್ಲೋ ಒಂದು ಡಬ್ಬಿಯಲ್ಲಿ ಇದ್ದೇ ಇರಬೇಕು. ಇಲ್ಲದಿದ್ದರೆ ಆ ಅಂಗಿಯ ಗುಂಡಿ ಅಷ್ಟು ಚೆನ್ನಾಗಿ ಎಲ್ಲಿಂದ ಬಂತು? ಅದರ ಕೆಳಗಿನ ಅಂಚಿನಲ್ಲಿ ನಮ್ಮಪ್ಪ ಎದೆಮಟ್ಟ ನೀರಿನಲ್ಲಿ ಮೂಗುದಾರ ಹಿಡಿದು ನಿಂತಿದ್ದಾರೆ. ಹೋದ ವರ್ಷದ ಅಮಾವಾಸ್ಯೆಗೂ ಅವ್ವ ಟವಲ್ಲು ಮಡಿಸಿಡುತ್ತಾ ಕೇಳಿದರು: "ಆ ಸಿನಿಮಾದೋರ್ನ ಒಂದ್ ಮಾತು ಕೇಳ್ಬಾರ್ದಾ ಮಗಾ? ನಮ್ಮದ್ನ ನಮ್ಗೆ ತೋರ್ಸಕ್ಕೆ ಅವ್ರಿಗೇನ್ ಕಷ್ಟ?"

ಕೇಳುತ್ತಿದ್ದೇನೆ ಅವ್ವ. ಕಥೆ ಗೊತ್ತಾದರೆ ಸಾಲದು. ನಮಗೆ ಮುಖ ಕಾಣಬೇಕು.